ಬೇಸ್‌ಮೆಂಟಿನ ಗುಂಡಿಯಲ್ಲಿ ಮುಳುಗಿ ಕೂತ ಪಂಪು

ಬೆಂಗಳೂರಿನವರಿಗೆ ಸಂಪು ಅಂದ್ರೆ ಕಾವೇರಿ ನೀರು ತುಂಬಿಸುವ ತೊಟ್ಟಿ. ಅದರಲ್ಲಿ ಎಷ್ಟು ನೀರಿದೆ ಅಂತ ದಿನಕ್ಕೆರಡು ಸಲ ವಿಚಾರಿಸುವ ನಾವು ಬೇಸ್‌ಮೆಂಟಿನ ಮೂಲೆಯಲ್ಲಿರುವ ಇನ್ನೊಂದು ಗುಂಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇಳಿಜಾರಿನಿಂದ ಬರುವ ಮಳೆನೀರು, ಗೋಡೆಯಲ್ಲಿ ಜಿನುಗುವ ನೀರು, ಕಾರು ತೊಳೆದ ನೀರು ಎಲ್ಲ ಸೇರುವುದು ಅಲ್ಲಿಗೇ. ಬೀದಿಯ ಚರಂಡಿಗಿಂತ ತಗ್ಗಿನಲ್ಲಿರುವ ನೀರು ತಾನಾಗಿ ಹೊರಗೆ ಹೋಗುತ್ತದೆಯೇ? ಗುಂಡಿಯಲ್ಲಿ ಮುಳುಗಿ ಕೂತ ಸಬ್‌ಮರ್ಸಿಬಲ್ ಪಂಪೇ ಎತ್ತಿ ಹಾಕಬೇಕು. ಆಯುಧಪೂಜೆ ದಿನ ಪ್ರತಿ ಕಾರು, ಸ್ಕೂಟರಿಗೂ ಹಾರ, ನಿಂಬೆಹಣ್ಣು, ಬೂದುಗುಂಬಳ. ಅವನ್ನೆಲ್ಲ ಕಾಯುವ ಪಂಪಿಗೆ ಒಂದು ಹೂವೂ ಇಲ್ಲ!

ನಮ್ಮ ಇಪ್ಪತ್ನಾಲ್ಕು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷದಿಂದ ನಿರ್ವಹಣೆಯ ಜವಾಬ್ದಾರಿ ನನ್ನದು. ಪಂಪಿನ ಸರ್ವೀಸಿಗೆ ದುಡ್ಡು ಕೇಳಿದಾಗಲೆಲ್ಲ ಮೀಟಿಂಗಿನಲ್ಲಿ ಒಂದೇ ಮಾತು: "ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ತೀರಾ?" ಮಿಕ್ಸಿಗಾದರೆ ಈ ಮಾತು ನಡೆದೀತು. ದಿನಾ ಓಡಿಸುತ್ತೇವೆ, ಕೆಟ್ಟರೆ ಅಂದೇ ತಿಳಿಯುತ್ತದೆ. ಈ ಪಂಪು ಬೇಸಿಗೆಯೆಲ್ಲ ಕೆಸರಲ್ಲಿ ಕೂತಿರುತ್ತದೆ. ಕೆಟ್ಟಿದ್ದು ಗೊತ್ತಾಗುವುದು ಮೊದಲ ಜೋರು ಮಳೆಯ ರಾತ್ರಿಯೇ. ನೀರೇರಿದಾಗ ತೇಲಿ ಸ್ವಿಚ್ ಹಾಕಬೇಕಾದ ಫ್ಲೋಟು ಕೇಬಲ್ಲಿಗೆ ಸಿಕ್ಕಿಕೊಂಡಿದ್ದರೆ ಹೊಸ ಪಂಪೂ ಸುಮ್ಮನೇ ಕೂರುತ್ತದೆ.

ನಮ್ಮಲ್ಲಿ ಈ ಪಂಪಿನ ಸದ್ದು ಸರಿಯಾಗಿ ಗೊತ್ತಿರುವುದು ವಾಚ್‌ಮನ್‌ಗೆ. ಯಾದಗಿರಿ ಕಡೆಯವರು. ಗುಂಡಿಯಿಂದ ಹತ್ತು ಹೆಜ್ಜೆ ದೂರದ ಕೋಣೆಯಲ್ಲಿ ಹೆಂಡತಿ, ಮಗಳ ಜೊತೆ ಮಲಗುತ್ತಾರೆ. ನೀರು ನುಗ್ಗಿದರೆ ಕಾರುಗಳಿಗಿಂತ ಮೊದಲು ತೋಯುವುದು ಅವರ ಹಾಸಿಗೆ. ಒಮ್ಮೆ ಮಾರ್ಚಿನಲ್ಲಿ ಬಂದು ಹೇಳಿದರು: "ಅಕ್ಕಾರ, ರಾತ್ರಿ ಮೋಟರ್ ಐದೈದ್ ನಿಮಿಷಕ್ಕ ಚಾಲೂ ಆಗ್ತೈತ್ರಿ, ಬಂದ್ ಆಗ್ತೈತ್ರಿ. ಮಳೀನ ಇಲ್ಲ, ನೀರ್ ಎಲ್ಲಿಂದ ಬರ್ತೈತಿ?"

ಮೆಕ್ಯಾನಿಕ್ ಬಂದು ಪೈಪಿನ ನಾನ್‌ರಿಟರ್ನ್ ವಾಲ್ವ್ ಬಿಚ್ಚಿದರು. ಮೇಲೆ ಹೋದ ನೀರು ಹಿಂದೆ ಬಾರದಂತೆ ಮುಚ್ಚಿಕೊಳ್ಳಬೇಕಾದ ಅದರ ಬಾಗಿಲಿಗೆ ಕಾರು ಒರೆಸುವ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಪಂಪು ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ವಾಪಸ್ ಗುಂಡಿಗೆ. ಅದೇ ನೀರನ್ನು ರಾತ್ರಿಯಿಡೀ ಎತ್ತುತ್ತಿತ್ತು, ಪಾಪ.

ಬಂದ ಮೇಲೆ ಪಂಪನ್ನೂ ನೋಡಿಬಿಡಿ ಅಂದೆ. ಸರಪಳಿ ಹಿಡಿದೇ ಎತ್ತಿದರು. ಕೇಬಲ್ ಹಿಡಿದು ಎಳೆದರೆ ಅದು ಪಂಪಿನೊಳಗೆ ಹೋಗುವ ಜಾಗ ಸಡಿಲವಾಗಿ ಮೋಟರಿಗೆ ನೀರು ಇಳಿಯುತ್ತದಂತೆ. ಇಂಪೆಲ್ಲರಿಗೆ ತೆಂಗಿನ ನಾರು, ಕೂದಲು, ಒಂದು ಚಿಪ್ಸ್ ಪ್ಯಾಕೆಟ್ಟು ಸುತ್ತಿಕೊಂಡಿತ್ತು. ಆಮೇಲೆ ಎಣ್ಣೆ ತೆಗೆದು ತೋರಿಸಿದರು. ಎಣ್ಣೆ ತಿಳಿಯಾಗಿದ್ದರೆ ಸರಿ, ಹಾಲು ಹಾಕಿದ ಟೀ ಥರ ಬೆಳ್ಳಗಾಗಿದ್ದರೆ ಸೀಲ್ ಸವೆದು ನೀರು ಒಳಗೆ ಸೇರಿದೆ ಅಂತ ಅರ್ಥ. ನಮ್ಮದು ಆಗಲೇ ಟೀ ಆಗಿತ್ತು. ಸೀಲ್ ಬದಲಾಯಿಸುವುದಕ್ಕೂ ಸುಟ್ಟ ಮೋಟರನ್ನು ರಿವೈಂಡ್ ಮಾಡಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಇದನ್ನು ಹೇಳಿದ ಮೇಲೇ ಮೀಟಿಂಗಿನಲ್ಲಿ ಬಾಯಿ ಮುಚ್ಚಿದ್ದು.

ಕೊನೆಗೆ ಮೆಗ್ಗರ್ ಹಿಡಿದು ವೈಂಡಿಂಗಿನಿಂದ ಕರೆಂಟು ಸೋರುತ್ತದೆಯೇ ಅಂತ ಅಳೆದರು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಪಂಪನ್ನು ಮತ್ತೆ ನೀರಿಗೆ ಇಳಿಸುವುದಿಲ್ಲ ಅಂದರು. ಖರ್ಚು ಎಷ್ಟೇ ಕಡಿಮೆ ಮಾಡಿ ಅಂದರೂ ಈ ಒಂದನ್ನು ಮಾತ್ರ ನಾನು ಬಿಡುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಬೇಸ್‌ಮೆಂಟುಗಳು ಕೆರೆಯಾಗಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿನ ಮಳೆನೀರು ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ತೀರಿಕೊಂಡರು. ಒಬ್ಬ ಹನ್ನೆರಡು ವರ್ಷದ ಹುಡುಗ. ಮೊಣಕಾಲುದ್ದ ನೀರಲ್ಲಿ ನಿಂತು ವೈರು ಎಳೆಯುವ, ಬಾಡಿಗೆ ಪಂಪು ಹುಡುಕುವ ಗಳಿಗೆಯೇ ನಮ್ಮಲ್ಲಿ ಬರಬಾರದು.

ಈಗ ಯುಗಾದಿ ಕಳೆದ ಕೂಡಲೇ ಒಂದು ಸರ್ವೀಸ್, ಗಣೇಶನ ಹಬ್ಬಕ್ಕೆ ಮುಂಚೆ ಇನ್ನೊಂದು. ಕ್ಯಾಲೆಂಡರಿಗಿಂತ ಹಬ್ಬ ಚೆನ್ನಾಗಿ ನೆನಪಿರುತ್ತದೆ ನೋಡಿ. ಗುಂಡಿಯ ಹೂಳೂ ಆಗಲೇ ತೆಗೆಸುವುದು. ಪಂಪಿನ ಲೈನನ್ನು ಜನರೇಟರಿಗೂ ಕೊಡಿಸಿದ್ದೇವೆ, ಯಾಕಂದ್ರೆ ನಮ್ಮ ಬೀದಿಯಲ್ಲಿ ಮಳೆ ಬಂತು ಅಂದ್ರೆ ಕರೆಂಟು ಹೋಯ್ತು ಅಂತಲೇ.

ಇನ್ನು ತಿಂಗಳ ಮೊದಲ ಭಾನುವಾರ, ಮಳೆ ಇರಲಿ ಬಿಡಲಿ, ವಾಚ್‌ಮನ್ ಗುಂಡಿಗೆ ಪೈಪಿನಲ್ಲಿ ನೀರು ಬಿಡುತ್ತಾರೆ. ಫ್ಲೋಟು ಎದ್ದು ಪಂಪು ತಾನಾಗಿ ಶುರುವಾಗಬೇಕು, ನೀರು ಇಳಿದಾಗ ತಾನಾಗಿ ನಿಲ್ಲಬೇಕು. ಎರಡು ಪಂಪುಗಳಿಗೂ ಸರದಿ ಪ್ರಕಾರ ಈ ಪರೀಕ್ಷೆ. ಆರನೇ ಕ್ಲಾಸಿನ ಅವರ ಮಗಳು ಪಕ್ಕದಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ತಾರೀಖು, ಓಡಿದ ನಿಮಿಷ ಎಲ್ಲ ಬರೆಯುತ್ತಾಳೆ. ಮೊನ್ನೆ ಭಾನುವಾರದ ಸಾಲು ಹೀಗಿದೆ: "2ನೇ ಮೋಟರ್ ಸೌಂಡ್ ಜಾಸ್ತಿ." ಗುರುವಾರ ಬರುತ್ತೇನೆ ಅಂದಿದ್ದಾರೆ ಮೆಕ್ಯಾನಿಕ್.