ಬಲ್ಗೇರಿಯಾದಲ್ಲಿ ಅಮ್ಮನ ಹೂಂ

ಸೋಫಿಯಾದ ಒವ್ಚಾ ಕುಪೆಲ್ ಬಸ್ ನಿಲ್ದಾಣ ತಲುಪಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ರಿಲಾ ಮಠಕ್ಕೆ ಹೋಗಬೇಕಿತ್ತು. ಬೋರ್ಡುಗಳೆಲ್ಲ ಸಿರಿಲಿಕ್ ಲಿಪಿಯಲ್ಲಿ. ಎದುರಿಗಿದ್ದ ಬಸ್ಸಿನ ಚಾಲಕನನ್ನು "ರಿಲಾ?" ಎಂದು ಕೇಳಿದೆ. ಆತ ಗದ್ದವನ್ನು ಒಮ್ಮೆ ಮೇಲಕ್ಕೆತ್ತಿ ಲೊಚಗುಟ್ಟಿದ. ನಮ್ಮ ಕಡೆ ಗದ್ದ ಎತ್ತಿದರೆ 'ಏನು?' ಎಂದು ಕೇಳಿದಂತೆ. ಲೊಚಗುಟ್ಟಿದರೆ 'ಅಯ್ಯೋ ಪಾಪ' ಎಂದಂತೆ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಕೇಳಿದೆ. ಮತ್ತೆ ಅದೇ ಗದ್ದ, ಅದೇ ಸದ್ದು. ಮೂರನೆಯ ಸಲ ಅವನ ಹುಬ್ಬು ಗಂಟಾಯಿತು. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: "ಅವರು ಮೂರು ಸಲವೂ ಇಲ್ಲ ಅಂತಲೇ ಹೇಳಿದ್ದಾರೆ."

ಮುಂದಿನ ಬಸ್ಸಿನ ಚಾಲಕ ತಲೆಯನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿದ. ನನ್ನ ಮುಂದಿದ್ದ ಪ್ರವಾಸಿ ದಂಪತಿ ಬೇಸರದಿಂದ ಹಿಂದೆ ಸರಿದರು. ನಾನು ಹತ್ತಿದೆ, ಅವರನ್ನೂ ಕರೆದೆ. ನನಗೆ ಆ ತಲೆಯಲ್ಲಿ ಕಂಡದ್ದು ಅಮ್ಮ. ಕೈಗೆ ಹಿಟ್ಟು ಮೆತ್ತಿರುವಾಗ "ಹೋಗಿ ಬರ್ಲಾ ಅಮ್ಮಾ?" ಎಂದರೆ ಬಾಯಿ ತೆರೆಯದೆ, ತಲೆಯನ್ನು ಹೆಗಲಿಂದ ಹೆಗಲಿಗೆ ತೂಗಿ ಒಪ್ಪಿಗೆ ಕೊಡುತ್ತಿದ್ದಳು. ಎರಡೂ ಒಂದೇ ಅಲ್ಲ, ನಿಜ. ನಮ್ಮದು ತೊನೆಯುವ ತಲೆ, ಕಿವಿ ಹೆಗಲ ಕಡೆಗೆ ಬಾಗುತ್ತದೆ. ಅವರಲ್ಲಿ ಮುಖವೂ ಜೊತೆಗೆ ತಿರುಗುತ್ತದೆ. ಆದರೂ ಯುರೋಪಿನ ಈ ಮೂಲೆಯಲ್ಲಿ ನನ್ನ ಕತ್ತಿಗೊಬ್ಬ ನೆಂಟ ಸಿಕ್ಕಿದ್ದ.

ಸೋಫಿಯಾದಿಂದ ರಿಲಾ ಸುಮಾರು 120 ಕಿಲೋಮೀಟರ್. ದಾರಿಯುದ್ದಕ್ಕೂ ನೆನಪಾದದ್ದು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಬರೆದ ಸಂಗತಿ. 1877-78ರ ರಷ್ಯಾ-ತುರ್ಕಿ ಯುದ್ಧದಲ್ಲಿ ಬಲ್ಗೇರಿಯಾಕ್ಕೆ ಬಂದ ರಷ್ಯನ್ ಸೈನಿಕರಿಗೆ ಇಲ್ಲಿನ ಹೌದು-ಇಲ್ಲಗಳು ತಿರುಗುಮುರುಗಾಗಿ ಕಂಡವು. ಅವರು ಸ್ಥಳೀಯರಂತೆಯೇ ತಲೆಯಾಡಿಸಲು ಕಲಿತರು. ತೊಡಕು ಶುರುವಾದದ್ದೇ ಆಮೇಲೆ: ಈ ಸೈನಿಕ ಈಗ ತನ್ನ ಪದ್ಧತಿಯಲ್ಲಿ ಹೇಳುತ್ತಿದ್ದಾನೋ, ನಮ್ಮದರಲ್ಲೋ ಎಂದು ಬಲ್ಗೇರಿಯನ್ನರಿಗೆ ತಿಳಿಯದಾಯಿತು. ಇನ್ನೊಬ್ಬರಿಗಾಗಿ ತನ್ನ ಕತ್ತನ್ನೇ ಬದಲಿಸಿಕೊಳ್ಳುವ ಆ ಸೌಜನ್ಯ ನನಗೆ ಬಹಳ ಪ್ರಿಯವಾದದ್ದು, ಅದು ಗೊಂದಲಕ್ಕೆ ದಾರಿ ಮಾಡಿದರೂ.

ರಿಲಾ ಮಠದ ಮೂಲ ಹತ್ತನೆಯ ಶತಮಾನದ್ದು. 1833ರ ಬೆಂಕಿಗೆ ಬಹುಪಾಲು ಸುಟ್ಟು, ಮತ್ತೆ ಎದ್ದುನಿಂತಿದೆ. ಕಪ್ಪು-ಬಿಳಿ ಪಟ್ಟೆಯ ಕಮಾನುಗಳು, ಗೋಡೆ ತುಂಬ ಚಿತ್ರಗಳು. ಅವನ್ನು ನೋಡಲು ಒಂದು ದಿನ ಸಾಲದು.

ಹೊರಗೆ ಅಜ್ಜಿಯೊಬ್ಬರು ಮೆಕಿತ್ಸಿ ಮಾರುತ್ತಿದ್ದರು. ಕರಿದ ಹಿಟ್ಟಿನ ಮೇಲೆ ಸಕ್ಕರೆ ಪುಡಿ ಉದುರಿಸಿದ ತಿಂಡಿ. ಬಿಸಿ ಇದೆಯೇ ಎಂದು ಸನ್ನೆಯಲ್ಲಿ ಕೇಳಿದೆ. ಅಜ್ಜಿ ನನ್ನನ್ನೊಮ್ಮೆ ನೋಡಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಪರದೇಶಿಯವನೆಂದು ನನ್ನ ಲೆಕ್ಕದ 'ಹೌದೋ', ತಮ್ಮ ಲೆಕ್ಕದ 'ಇಲ್ಲವೋ'? ಇಂಥ ಹೊತ್ತಿಗೆ ಮಾತೇ ಗತಿ. "ದಾ? ನೆ?" ಎಂದೆ, ಅವರ ಭಾಷೆಯಲ್ಲಿ ಹೌದು ಮತ್ತು ಇಲ್ಲ. (ಗಡಿ ದಾಟಿ ಗ್ರೀಸಿಗೆ ಹೋದರೆ ಇದೇ 'ನೆ' ಹೌದಾಗುತ್ತದೆ.) "ದಾ, ದಾ!" ಎಂದು ನಕ್ಕು ಕಾಗದದಲ್ಲಿಟ್ಟು ಕೊಟ್ಟರು.

ನಿಜಕ್ಕೂ ಬಿಸಿಯಿತ್ತು. ಹೇಗಿದೆ ಎಂಬಂತೆ ಅಜ್ಜಿ ಹುಬ್ಬೇರಿಸಿದರು. ಬಾಯಿ ತುಂಬಿತ್ತು. ಅಮ್ಮನ ಹಾಗೆ ತಲೆ ತೂಗಿದೆ. ಅಜ್ಜಿಯೂ ಹಾಗೇ ತಲೆಯಾಡಿಸುತ್ತ ಬಾಣಲೆಯಿಂದ ಇನ್ನೊಂದನ್ನು ತೆಗೆದು ನನ್ನ ಕಾಗದದ ಮೇಲಿಟ್ಟರು.