ಕಡತ ಸರಿ, ಒಳಗಿನ ಮಾತು?

ಹಳ್ಳಿಯ ಶಾನುಭೋಗರ ದಫ್ತರ ಈಗ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ. ಹೊಲ, ಮನೆ, ಮತ, ಅಂಕಪಟ್ಟಿ, ಎಲ್ಲವೂ ಅಲ್ಲೇ. ಹಳೆಯ ದಫ್ತರಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಕಂಪ್ಯೂಟರಿನ ಕಡತ ಕೆಟ್ಟಿದ್ದರೆ ತಿಳಿಯುವುದು ಹೇಗೆ?

2000ದಲ್ಲಿ ಬಂದ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವನ್ನೇ ನೋಡಿ. ಇಂದು ಮೊಬೈಲುಗಳಲ್ಲೂ ಅದು ಕೆಲಸ ಮಾಡುತ್ತಿದೆ. ಅದರ ಕಡತದ ಮೊದಲ 16 ಬೈಟುಗಳಲ್ಲಿ ಅದರ ಗುರುತು ಬರೆದಿರುತ್ತದೆ. ಗುರುತು ತಪ್ಪಿದ್ದರೆ 'ಇದು ನನ್ನ ಕಡತವಲ್ಲ' ಎಂದು ತಂತ್ರಾಂಶ ಹಿಂದಿರುಗಿಸುತ್ತದೆ. ಗುರುತಿದ್ದ ಮಾತ್ರಕ್ಕೂ ಮುಗಿಯಲಿಲ್ಲ. ಒಳಗಿನ ಪುಟಗಳು ಹಾಳಾಗಿರಬಹುದು. ಅದಕ್ಕೆ 'ಇಂಟೆಗ್ರಿಟಿ ಚೆಕ್' ಎಂಬ ಆಜ್ಞೆಯಿದೆ. ಅದು ಪುಟದಿಂದ ಪುಟಕ್ಕೆ ಹೋಗಿ ಜೋಡಣೆ ತಪ್ಪಿದೆಯೇ, ಪುಟ ಕಳೆದಿದೆಯೇ ಎಂದು ತಪಾಸಣೆ ಮಾಡುತ್ತದೆ. ದೋಷ ಸಿಗದಿದ್ದರೆ ಒಂದೇ ಉತ್ತರ: 'ಓಕೆ'.

ಆ ಒಂದು ಮಾತನ್ನು ಎಷ್ಟು ನಂಬಬೇಕು? ಜೇವರ್ಗಿಯ ರೈತನೊಬ್ಬನ 14 ಎಕರೆ ತೊಗರಿ ಹೊಲ ಕಡತದಲ್ಲಿ 4 ಎಕರೆ ಆಗಿದೆ ಎಂದುಕೊಳ್ಳಿ. ಅಫಜಲಪುರದ ಹುಡುಗಿಯ 87 ಅಂಕ 78 ಆಗಿದೆ ಎಂದುಕೊಳ್ಳಿ. ಆಗಲೂ ಯಂತ್ರದ ಉತ್ತರ 'ಓಕೆ'ಯೇ! ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಇದೆ. ಅದಕ್ಕೆ ಅಷ್ಟು ಸಾಕು. ಹೊಲ ಅಳೆದವರು ಯಾರು, ಉತ್ತರಪತ್ರಿಕೆ ನೋಡಿದವರು ಯಾರು ಎಂಬುದು ಅದಕ್ಕೇನು ಗೊತ್ತು?

ಇವು ಊಹೆಯ ಉದಾಹರಣೆಗಳು. ಅದೇ ಜಿಲ್ಲೆಯ ಆಳಂದದಲ್ಲಿ ನಡೆದದ್ದು ಊಹೆಯಲ್ಲ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಮುನ್ನ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಅಲ್ಲಿ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ನಮೂನೆ 7ರ ಅರ್ಜಿಗಳು ಅವು. ಯಂತ್ರ ಅವನ್ನು ಸ್ವೀಕರಿಸಿತ್ತು. ಇಷ್ಟೊಂದು ಅರ್ಜಿ ಕಂಡು ಅಧಿಕಾರಿಗಳಿಗೆ ಅನುಮಾನ ಬಂತು. ಒಂದೊಂದನ್ನೂ ಸ್ಥಳದಲ್ಲೇ ಪರಿಶೀಲಿಸಿದರು. ನಿಜವಾದವು ಎಷ್ಟು? ಬರೀ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಫೆಬ್ರುವರಿಯಲ್ಲಿ ಪೊಲೀಸರಲ್ಲಿ ಪ್ರಕರಣವೂ ದಾಖಲಾಯಿತು. ಯಾರೂ ವಿಚಾರಿಸದೆ ಇದ್ದಿದ್ದರೆ, ಎಷ್ಟೋ ಜನರಿಗೆ ತಮ್ಮ ಹೆಸರು ಹೋದದ್ದು ಮತಗಟ್ಟೆಯ ಬಾಗಿಲಲ್ಲೇ ತಿಳಿಯುತ್ತಿತ್ತು.

ಕಂಪ್ಯೂಟರ್ ಕಲಿಯುವ ಮಕ್ಕಳು ಇದರಿಂದ ತಿಳಿಯಬೇಕಾದದ್ದು ಇಷ್ಟೆ. ತಪಾಸಣೆ ಎರಡು ಬಗೆ. ಕಡತದ ಕಟ್ಟು ಗಟ್ಟಿಯಾಗಿದೆಯೇ ಎಂಬುದನ್ನು ಯಂತ್ರ ಕ್ಷಣದಲ್ಲಿ ಹೇಳುತ್ತದೆ. ಅದನ್ನು ಕೇಳದೆ ಬಿಡಬಾರದು. ಒಳಗಿನ ಮಾತು ನಿಜವೇ ಎಂಬುದಕ್ಕೆ ಮೂಲ ಕಾಗದ ತೆಗೆದು ನೋಡಬೇಕು, ಬೇಕಾದರೆ ಆ ಮನೆಯ ಬಾಗಿಲಿಗೇ ಹೋಗಬೇಕು. ತಂದೆತಾಯಿಯರಿಗೂ ಇಲ್ಲೊಂದು ಕೆಲಸವಿದೆ: ವರ್ಷಕ್ಕೊಮ್ಮೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಹಣಿಯನ್ನೂ ಮತದಾರರ ಪಟ್ಟಿಯನ್ನೂ ಓದಿಸುವುದು. ಮನೆಯವರ ಹೆಸರು ಸರಿಯೋ ತಪ್ಪೋ ಎಂಬುದು ಮನೆಯವರಿಗಿಂತ ಚೆನ್ನಾಗಿ ಯಾವ ಯಂತ್ರಕ್ಕೆ ಗೊತ್ತು?