ನಡುಕ ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಗಾಡಿ ನಡುಗಿದರೆ ಮೊದಲು ಬೈಗುಳ ಬೀಳುವುದು ರಸ್ತೆಗೆ. ಅದರಲ್ಲಿ ಸುಳ್ಳೇನೂ ಇಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯೂ ಎರಿ ಭೂಮಿ ಹೆಚ್ಚು. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಅಬ್ಬಾರ ಎಲೆಕ್ಟ್ರಿಕ್ ಸ್ಕೂಟರ್ ನಡುಗಿದ್ದಕ್ಕೆ ರಸ್ತೆ ಕಾರಣವಾಗಿರಲಿಲ್ಲ.

ಅಬ್ಬಾ ಫಜರ್ ನಮಾಜ್ ಮುಗಿಸಿ ಬೇಕರಿಗೆ ಹೋಗಿ, ಬ್ರೆಡ್ಡು, ಖಾರಿ, ಟೋಸ್ಟು ತುಂಬಿದ ಎರಡು ಕ್ರೇಟ್ ಕಟ್ಟಿಕೊಂಡು ಸಿಂದಗಿಯ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಾರೆ. ಗಾಡಿ ನಿಂತ ದಿನ ಮನೆಗೆ ದುಡಿಮೆ ಇಲ್ಲ. ಎರಡು ದಿನ ಜಡಿಮಳೆ ಸುರಿದ ಮರುದಿನ ಎಕ್ಸಲರೇಟರ್ ತಿರುವಿದೊಡನೆ ಇಡೀ ಗಾಡಿ ಗಡಗಡ ನಡುಗಿತು. ಕ್ರೇಟ್ ಕೆಳಗೆ ಬಿತ್ತು, ಹ್ಯಾಂಡಲ್ ಹಿಡಿಯಲಾಗಲಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದರೆ, "ಮೋಟರ್ ಹೋಗ್ಯಾದ, ಬದಲಿಸಬೇಕು, 14 ಸಾವಿರ ಆಗ್ತದ" ಎಂದರು. ಮನೆಯಲ್ಲಿದ್ದದ್ದು ನನ್ನ ಸಿಇಟಿ ಕೋಚಿಂಗ್‌ಗೆಂದು ಕೂಡಿಟ್ಟ 12 ಸಾವಿರ. ಅಮ್ಮಿ ಆ ಹಣವನ್ನು ಒಮ್ಮೆ ಎಣಿಸಿ ಮತ್ತೆ ಡಬ್ಬಿಯಲ್ಲಿಟ್ಟರು. ನಾನು ಎರಡು ದಿನ ಕೊಡಿ ಎಂದು ಕೇಳಿದೆ.

ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ, ಮೆಕ್ಯಾನಿಕ್ ಅಲ್ಲ. ಹಾಗಾಗಿ ಏನನ್ನೂ ಬಿಚ್ಚದೆ ಮೊದಲು ಪ್ರಶ್ನೆ ಕೇಳೋಣ ಎಂದುಕೊಂಡೆ. ಮೊದಲ ಪ್ರಶ್ನೆ: ನಡುಕ ಯಾವಾಗ ಬರುತ್ತದೆ? ಕೀ ತೆಗೆದು ಗಾಡಿಯನ್ನು ಖಾಲಿ ಮೈದಾನದಲ್ಲಿ ತಳ್ಳಿದೆವು. ಬೆಣ್ಣೆಯಂತೆ ಸಾಗಿತು. ಕೀ ಹಾಕಿ ಎಕ್ಸಲರೇಟರ್ ತಿರುವಿದರೆ ಮಾತ್ರ ನಡುಕ, ಕೈ ಬಿಟ್ಟರೆ ತಟ್ಟನೆ ಶಾಂತ. ಟೈರು, ರಿಮ್ಮು, ಬೇರಿಂಗ್ ಕೆಟ್ಟಿದ್ದರೆ ಕೀ ತೆಗೆದರೂ ಗಾಲಿ ಕುಣಿಯಬೇಕಿತ್ತು.

ಎರಡನೆಯ ಪ್ರಶ್ನೆ: ಎಷ್ಟು ಸಲ ನಡುಗುತ್ತದೆ? ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದೆ, ಸುಮಾರು 130 ಸೆಂ.ಮೀ. ನಡಿಗೆಯ ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಸುತ್ತು. ಟೈರಿನಲ್ಲಿ ಉಬ್ಬು ಇದ್ದರೆ ಸುತ್ತಿಗೊಂದು ಹೊಡೆತ ಬೀಳಬೇಕು. ಆದರೆ ಹ್ಯಾಂಡಲ್ಲಿನ ನಡುಕ ಎಣಿಸಲಾಗದಷ್ಟು ವೇಗವಾಗಿತ್ತು. ಅಂದರೆ ಒಂದು ಸುತ್ತಿನಲ್ಲಿ ಹಲವು ಸಲ ನಡೆಯುವ ಯಾವುದೋ ಕೆಲಸ ತಪ್ಪುತ್ತಿದೆ.

ಅಂಥ ಕೆಲಸ ಗಾಲಿಯೊಳಗೇ ಇದೆ. ಇಂಥ ಸ್ಕೂಟರುಗಳಲ್ಲಿ ಮೋಟರ್ ಹಿಂದಿನ ಗಾಲಿಯ ನಡುವೆಯೇ ಇರುತ್ತದೆ. ಒಳಗೆ ಸುತ್ತಲೂ ಹತ್ತಾರು ಆಯಸ್ಕಾಂತಗಳು, ನಡುವೆ ಮೂರು ಗುಂಪು ತಂತಿಸುರುಳಿಗಳು. ಯಾವ ಕ್ಷಣದಲ್ಲಿ ಯಾವ ಸುರುಳಿಗೆ ಕರೆಂಟು ಕೊಡಬೇಕೆಂದು ಕಂಟ್ರೋಲರ್‌ಗೆ ತಿಳಿಸುವವು ಮೂರು ಹಾಲ್ ಸೆನ್ಸರುಗಳು. 1879ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ ಇದಕ್ಕೆ ಆಧಾರ. ಮೂರರಲ್ಲಿ ಒಂದು ಸೆನ್ಸರಿನ ಸುದ್ದಿ ಮುಟ್ಟದಿದ್ದರೂ ಕರೆಂಟು ತಪ್ಪು ಗಳಿಗೆಯಲ್ಲಿ ಬರುತ್ತದೆ. ಒಂದು ಕ್ಷಣ ಗಾಲಿಯನ್ನು ಮುಂದಕ್ಕೆ ನೂಕಿ, ಮರುಕ್ಷಣ ತಡೆದಂತಾಗುತ್ತದೆ.

ಗಾಡಿಗಳ ವೈರಿಂಗ್ ಕೆಲಸ ಮಾಡುವ ನಮ್ಮ ಓಣಿಯ ಚಾಚಾರ ಹತ್ತಿರ ಹೋಗಿ ಇಷ್ಟನ್ನೂ ಹೇಳಿದೆ. ಅವರು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕಂಟ್ರೋಲರ್ ಕಡೆ ಹೋಗುವ ಸಣ್ಣ ವೈರುಗಳಿಗೆ ಮಲ್ಟಿಮೀಟರ್ ಹಿಡಿದರು. ನಾನು ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಎರಡು ವೈರುಗಳಲ್ಲಿ ಮೀಟರು 0, 5, 0, 5 ಎಂದು ಬದಲಾಯಿತು. ಮೂರನೆಯದು ಗಾಲಿ ಎಷ್ಟು ತಿರುಗಿದರೂ 5 ವೋಲ್ಟಿನಲ್ಲೇ ನಿಂತಿತ್ತು. ಬ್ಯಾಟರಿಯ ಸ್ವಿಚ್ ಆಫ್ ಮಾಡಿ ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿದರೆ, ಒಳಗೆ ಮಳೆನೀರು ಹೊಕ್ಕು ಒಂದು ಪಿನ್ನು ಹಸಿರುಗಟ್ಟಿ ತಿಂದುಹೋಗಿತ್ತು. ಹೊಸ ಕನೆಕ್ಟರ್ ಹಾಕಿ, ನೀರು ಹೋಗದಂತೆ ಸುತ್ತಿದರು. ಖರ್ಚು 120 ರೂಪಾಯಿ. ಕೂಲಿ ಬೇಡವೆಂದ ಚಾಚಾ ಒಂದು ಪಾಕೀಟು ಖಾರಿ ಮಾತ್ರ ತೆಗೆದುಕೊಂಡರು.

ಆಮೇಲೆ ಓದುತ್ತಾ ಹೋದಾಗ, ಒಂದೇ ಗಾಲಿಯ ಎಲೆಕ್ಟ್ರಿಕ್ ಗಾಡಿಗಳಲ್ಲೂ ಇಂಥದ್ದೇ ಮೋಟರ್ ಇರುತ್ತದೆಂದು ತಿಳಿಯಿತು. ಅವುಗಳಿಗೆ ಹ್ಯಾಂಡಲ್ಲೇ ಇಲ್ಲ, ನಡುಗಿದರೆ ಸವಾರ ನೆಲಕ್ಕೆ. ಅಲ್ಲಿ ಇನ್ನೊಂದು ಕಾರಣವೂ ಉಂಟು. ಗಾಡಿ ಎತ್ತ ವಾಲಿದೆಯೆಂದು ಸೆನ್ಸರ್ ಅಳೆಯುತ್ತದೆ, ಮೋಟರ್ ಸರಿಪಡಿಸುತ್ತದೆ. ಆ ಸರಿಪಡಿಸುವಿಕೆ ಅತಿಯಾದರೆ ಅಥವಾ ತಡವಾದರೆ ಗಾಡಿ ಆಚೆಗೆ ವಾಲುತ್ತದೆ, ಮತ್ತೆ ಈಚೆಗೆ. ಹೀಗೆ ನಡುಕ ತನ್ನಿಂದ ತಾನೇ ಹುಟ್ಟುತ್ತದೆ. ಉಗಿ ಯಂತ್ರಗಳ ಕಾಲದಲ್ಲೇ ಈ ಕಾಯಿಲೆ ಇತ್ತು, ವೇಗವನ್ನು ಹಿಡಿತದಲ್ಲಿಡುವ ಗವರ್ನರುಗಳ ಬಗ್ಗೆ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತ ಬರೆದಿದ್ದಾರೆ. ಆ ಗಾಡಿಗೂ ಮೊದಲು ನೋಡಬೇಕಾದದ್ದು ಟೈರಿನ ಗಾಳಿ, ಬೋಲ್ಟುಗಳ ಬಿಗಿ, ಸೆಟ್ಟಿಂಗಿನ ಬಿರುಸು. ಮೋಟರ್ ಬಿಚ್ಚುವುದು ಕೊನೆಗೆ.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಗಾಡಿ ಇರಬಹುದು. ನಡುಗಿದರೆ ದುಡ್ಡು ಎಣಿಸುವ ಮೊದಲು ನೋಡಿರಿ: ಕೀ ತೆಗೆದು ತಳ್ಳಿದರೂ ನಡುಗುತ್ತದೆಯೇ? ಸುತ್ತಿಗೊಮ್ಮೆಯೋ, ಹಲವು ಸಲವೋ? ಮಳೆಯಾದ ಮೇಲೆ ಶುರುವಾಯಿತೇ? ಉತ್ತರಗಳನ್ನು ಬರೆದುಕೊಂಡು ಮೆಕ್ಯಾನಿಕ್‌ಗೆ ಕೊಡಿ. ಬ್ಯಾಟರಿ, ಕಂಟ್ರೋಲರ್ ಮಾತ್ರ ನೀವಾಗಿ ಬಿಚ್ಚಬೇಡಿ, ಅಲ್ಲಿನ ಕರೆಂಟು ಆಟದ ವಸ್ತುವಲ್ಲ. ಕೋಚಿಂಗ್‌ಗೆ ನಾನು ಸೇರಿಯಾಯಿತು. ಅಬ್ಬಾ ಈಗ ಮಳೆ ಬಂದ ರಾತ್ರಿ ಸೀಟಿನ ಮೇಲೆ ಹಳೆಯ ರೇನ್‌ಕೋಟು ಹೊದಿಸುತ್ತಾರೆ.